ಬಯಲ ದಫ್ತರಕ್ಕೆ ಪಟ್ಟಿ ಬರೆದವರು: ಬೆಂಜಮಿನ್ ಲೂಯಿ ರೈಸ್

ಒಂದು ದೇಶದ ಪೂರ್ವಚರಿತ್ರೆಯನ್ನು ಬರೆಯಹೊರಟವನು ಮೊದಲು ಕೇಳುವ ಪ್ರಶ್ನೆ, ದಫ್ತರವೆಲ್ಲಿ ಎಂಬುದು. ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿದೆ. ಅಲ್ಲಿನ ಅರಸರ ಲೆಕ್ಕಪತ್ರಗಳೂ ನ್ಯಾಯಸ್ಥಾನಗಳ ತೀರ್ಪುಗಳೂ ಎಂಟು ಶತಮಾನಗಳಿಗೂ ಮಿಕ್ಕಿ ಚರ್ಮದ ಸುರುಳಿಗಳಲ್ಲಿ ಉಳಿದುಬಂದಿವೆ. ಅವನ್ನೆಲ್ಲ ಒಂದೆಡೆ ಕೂಡಿಸಿ ಕಾಪಾಡುವುದಕ್ಕೆಂದು 1838ರಲ್ಲಿ ಅಲ್ಲಿಯ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಿತು. ನಮ್ಮ ಮೈಸೂರು ಸೀಮೆಯಲ್ಲಿ ಅಂತಹ ಭವನವಾವುದೂ ಇರಲಿಲ್ಲ. ಓಲೆಗರಿಯನ್ನು ಗೆದ್ದಲು ತಿಂದಿತು. ಕಡತಗಳು ಬೆಂಕಿಗೂ ಮಳೆಗೂ ದಂಡಿನ ಹಾವಳಿಗೂ ತುತ್ತಾದುವು. ಉಳಿದುದು ಕಲ್ಲು ಮತ್ತು ತಾಮ್ರ. ತಾಮ್ರದ ಹಲಗೆಗಳು ಮಠಗಳಲ್ಲಿಯೂ ಜೋಯಿಸರ ಮನೆಯ ಪೆಟ್ಟಿಗೆಗಳಲ್ಲಿಯೂ ಅಡಗಿದ್ದುವು. ಕಲ್ಲುಗಳಾದರೋ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ, ಗುಡಿಯ ಗೋಡೆಯಲ್ಲಿ ನಿಂತಿದ್ದುವು. ಅಂದರೆ ನಮ್ಮ ರಾಜ್ಯಕ್ಕೂ ದಫ್ತರವೇನೋ ಇದ್ದಿತು. ಅದಕ್ಕೆ ಮಾಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ, ಪಟ್ಟಿಯಂತೂ ಇರಲೇ ಇಲ್ಲ. ಆ ಪಟ್ಟಿಯನ್ನು ಬರೆದವರು ಬೆಂಜಮಿನ್ ಲೂಯಿ ರೈಸರು. ಇಂಗ್ಲೆಂಡಿನಲ್ಲಿ ಮೇಲೆ ಹೇಳಿದ ಕಾಯಿದೆಯಾಗುವುದಕ್ಕೆ ಒಂದು ವರ್ಷ ಮೊದಲು, 1837ರಲ್ಲಿ, ಇದೇ ಬೆಂಗಳೂರಿನಲ್ಲಿ ಅವರು ಹುಟ್ಟಿದರು.

ತಂದೆ ಹಿರಿಯ ಬೆಂಜಮಿನ್ ರೈಸರು ಲಂಡನ್ ಮಿಷನ್ನಿಗೆ ಸೇರಿದ ಪಾದ್ರಿಗಳು. ಅವರು 1837ರಲ್ಲಿ ಬೆಂಗಳೂರಿಗೆ ಬಂದು, ಐವತ್ತು ವರ್ಷ ಕಾಲ ಇಲ್ಲಿಯೇ ಇದ್ದು, 1887ರಲ್ಲಿ ಕಾಲವಾದರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು. ಮಗನದೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಇನ್ನೊಬ್ಬ ಮಗ ಇ. ಪಿ. ರೈಸರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರು ನಮ್ಮ ಶಾಸನಗಳಿಗೂ ಮತ್ತೊಬ್ಬರು ನಮ್ಮ ಕಾವ್ಯಗಳಿಗೂ ಒಕ್ಕಣೆ ಬರೆದಂತಾಯಿತು. ಮನೆಯ ಹೊರಗೆ ಕಾಲಿಟ್ಟೊಡನೆ ಕಿವಿಗೆ ಬೀಳುವ ಭಾಷೆ ಕನ್ನಡವಾಗಿದ್ದುದರಿಂದ, ಇತರ ಆಂಗ್ಲೇಯ ಅಧಿಕಾರಿಗಳು ಮುನ್ಷಿಯನ್ನಿಟ್ಟುಕೊಂಡು ಕಲಿತುದು ರೈಸರಿಗೆ ಬಾಲ್ಯದಲ್ಲಿಯೇ ದೊರೆಯಿತು.

ಇಂಗ್ಲೆಂಡಿನಲ್ಲಿ ವ್ಯಾಸಂಗವನ್ನು ಮುಗಿಸಿ 1860ರಲ್ಲಿ ಹಿಂತಿರುಗಿದ ರೈಸರು ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದುದು ಈ ಶಾಲೆಯೇ. ಐದು ವರ್ಷಗಳಲ್ಲಿ ಶಾಲೆಗಳ ಇನ್‌ಸ್ಪೆಕ್ಟರಾಗಿ, ಆಮೇಲೆ ಮೈಸೂರು ಮತ್ತು ಕೊಡಗುಗಳ ವಿದ್ಯಾಭ್ಯಾಸ ಇಲಾಖೆಯ ಡೈರೆಕ್ಟರಾಗಿ ನಿಂತರು. ಹೋಬಳಿಗೊಂದು ಶಾಲೆಯಾಗಬೇಕೆಂಬ ಯೋಜನೆಯನ್ನು 1868ರಲ್ಲಿ ಸರ್ಕಾರದ ಮುಂದಿಟ್ಟವರು ಅವರೇ. 1882ರಲ್ಲಿ ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ಇಡೀ ಭರತಖಂಡದ ವಿದ್ಯಾಭ್ಯಾಸವನ್ನು ವಿಚಾರಿಸಲು ಕೂಡಿದ ಆಯೋಗಕ್ಕೆ ಕಾರ್ಯದರ್ಶಿಗಳಾಗಿದ್ದವರೂ ಅವರೇ. ಇಷ್ಟೇ ಆಗಿದ್ದರೆ ಅವರನ್ನು ದಕ್ಷರಾದ ಒಬ್ಬ ಅಧಿಕಾರಿಯೆಂದು ಹೊಗಳಿ ನಾವು ಮರೆತುಬಿಡುತ್ತಿದ್ದೆವು. ಆದರೆ ಶಾಲೆಗಳ ತನಿಖೆ ಎಂದರೆ ಆ ಕಾಲದಲ್ಲಿ ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಕೆಲಸ. ಹಳ್ಳಿಯ ಶಾಲೆ ಗುಡಿಯ ಜಗಲಿಯಲ್ಲಿ ಕೂಡುತ್ತಿದ್ದುದೂ ಗುಡಿಯ ಮುಂದೆ ಬರೆದ ಕಲ್ಲೊಂದು ನಿಂತಿರುತ್ತಿದ್ದುದೂ ಅಪೂರ್ವವೇನಲ್ಲ. ಮಕ್ಕಳ ಓದನ್ನು ಪರೀಕ್ಷಿಸಲು ಬಂದವರು, ಉಪಾಧ್ಯಾಯರಿಗೂ ಓದಲು ಬಾರದ ಬರೆಹವನ್ನು ಎದುರಿಗೇ ಕಂಡರು.

ಈ ನಡುವೆ ಇನ್ನೊಂದು ಪ್ರೇರಣೆ ಒದಗಿತು. ಕಮಿಷನರ್ ಬೌರಿಂಗ್ ಸಾಹೇಬರ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ರಾಜ್ಯದ ನೂರೈವತ್ತರಷ್ಟು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಚಿತ್ರವೇನೋ ಆಯಿತು, ಅದರಲ್ಲಿರುವುದೇನೆಂದು ಹೇಳುವವರು ಬೇಕಾಗಿತ್ತು. ಆ ಕೆಲಸ ರೈಸರ ಪಾಲಿಗೆ ಬಂದಿತು. ಛಾಯಾಚಿತ್ರದಲ್ಲಿ ಮಸುಕಾಗಿ ಕಂಡ ಅಕ್ಷರಕ್ಕೆ ಮೂಲಕಲ್ಲನ್ನೇ ನೋಡದೆ ಗತಿಯಿಲ್ಲವೆಂಬುದು ಅವರಿಗೆ ಬೇಗನೆ ತಿಳಿಯಿತು. 1879ರಲ್ಲಿ ಹೊರಬಂದ ‘ಮೈಸೂರು ಇನ್‌ಸ್ಕ್ರಿಪ್‌ಷನ್ಸ್’ ಎಂಬ ಗ್ರಂಥವು ಈ ಪರಿಶ್ರಮದ ಮೊದಲ ಫಲ. ಅದಕ್ಕೆ ಮುನ್ನವೇ ಅವರು ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ಮೂರು ಸಂಪುಟಗಳಲ್ಲಿ ರಚಿಸಿದ್ದರು.

1881ರಲ್ಲಿ ರಾಜ್ಯವು ಮತ್ತೆ ಒಡೆಯರ ಕೈಗೆ ಬಂದಿತು. 1885ರಲ್ಲಿ ಮೈಸೂರು ಸರ್ಕಾರವು ಪ್ರಾಚ್ಯವಸ್ತು ಸಂಶೋಧನೆಗೆಂದು ಒಂದು ಇಲಾಖೆಯನ್ನು ಏರ್ಪಡಿಸಿತು. ಮೊದಮೊದಲು ಇತರ ಕೆಲಸಗಳ ಜೊತೆಗೆ ಇದನ್ನೂ ನೋಡಿಕೊಳ್ಳುತ್ತಿದ್ದ ರೈಸರು 1890ರಿಂದ ಇದಕ್ಕೇ ಮೀಸಲಾದರು. 1906ರಲ್ಲಿ ನಿವೃತ್ತರಾಗುವವರೆಗೂ ಈ ಇಲಾಖೆಯಲ್ಲಿಯೇ ಇದ್ದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಮಹಾಮಾಲೆಯು ಹುಟ್ಟಿ ಬೆಳೆದುದು ಈ ಅವಧಿಯಲ್ಲಿ. 1886ರಲ್ಲಿ ಕೊಡಗಿನ ಶಾಸನಗಳು, 1889ರಲ್ಲಿ ಶ್ರವಣಬೆಳಗೊಳದವು, ಆಮೇಲೆ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರು ಎಂದು ಜಿಲ್ಲೆ ಜಿಲ್ಲೆಯಾಗಿ ಹನ್ನೆರಡು ಸಂಪುಟಗಳು. ಅವುಗಳಲ್ಲಿ ಅಡಕವಾದ ಶಾಸನಗಳ ಸಂಖ್ಯೆ 8,800ಕ್ಕೂ ಮಿಕ್ಕದ್ದು.

ಈ ಕೆಲಸ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನಮ್ಮ ವಿದ್ಯಾರ್ಥಿಗಳು ಅಡಿಟಿಪ್ಪಣಿಯಲ್ಲಿ ಶಾಸನದ ಸಂಖ್ಯೆಯನ್ನು ಕಾಣುತ್ತಾರೆಯೇ ಹೊರತು ಅದರ ಹಿಂದಿನ ಬೆವರನ್ನು ಕಾಣುವುದಿಲ್ಲ. ಮೊದಲು ಕಲ್ಲನ್ನು ಹುಡುಕಬೇಕು. ಪಟೇಲ ಶಾನುಭೋಗರನ್ನು ಕೇಳಿದರೆ, ನಿಧಿಯನ್ನು ಅಗೆಯಲು ಬಂದವರೋ ಇನಾಮು ಜಮೀನಿನ ಹಕ್ಕನ್ನು ಕೀಳಲು ಬಂದವರೋ ಎಂಬ ಶಂಕೆ ಏಳುವುದು ಸಹಜ. ಕಲ್ಲು ಸಿಕ್ಕಿದ ಮೇಲೆ ಅದಕ್ಕೆ ಬಳಿದ ಸುಣ್ಣ, ಎಣ್ಣೆ, ಜಿಡ್ಡನ್ನು ತೊಳೆಯಬೇಕು. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ತಗ್ಗಿನೊಳಕ್ಕೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮಸಿಯನ್ನು ಸವರಿ ಪಡಿಯಚ್ಚನ್ನು ತೆಗೆಯಬೇಕು. ಬಳಿಕ ಪಂಡಿತರು ಕುಳಿತು ಹಳಗನ್ನಡವನ್ನೋ ಸಂಸ್ಕೃತವನ್ನೋ ತಮಿಳನ್ನೋ ಅಕ್ಷರ ಅಕ್ಷರವಾಗಿ ಬಿಡಿಸಬೇಕು. ಸಂಪುಟದಲ್ಲಿ ಒಂದೊಂದು ಶಾಸನಕ್ಕೂ ನಮ್ಮ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಭಾಷಾಂತರ. ರೈಸರ ಹೆಸರು ಮುಖಪತ್ರದಲ್ಲಿದೆ; ಆದರೆ ಬಿಸಿಲಿನಲ್ಲಿ ಕಲ್ಲು ಉಜ್ಜಿದವರೂ ದೀಪದ ಮುಂದೆ ಕಣ್ಣು ನೋಯಿಸಿಕೊಂಡವರೂ ಬಹುಮಟ್ಟಿಗೆ ನಮ್ಮವರು. ಅವರಲ್ಲಿ ಅಗ್ರಗಣ್ಯರು 1899ರಲ್ಲಿ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ಯರು, ಅವರ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

ಇಲ್ಲಿ ರೈಸರ ಬುದ್ಧಿಯ ಒಂದು ಗುಣವನ್ನು ಗಮನಿಸಬೇಕು. ರಾಜವಂಶಗಳ ಕ್ರಮದಲ್ಲಿ ಶಾಸನಗಳನ್ನು ಜೋಡಿಸಿದ್ದರೆ ಗ್ರಂಥವು ನೋಡುವುದಕ್ಕೆ ಸೊಗಸಾಗಿರುತ್ತಿತ್ತು. ಅವರು ಹಾಗೆ ಮಾಡದೆ ತಾಲ್ಲೂಕು ತಾಲ್ಲೂಕಾಗಿ, ಊರು ಊರಾಗಿ ಜೋಡಿಸಿ, ಒಂದೊಂದಕ್ಕೂ ಕ್ರಮಸಂಖ್ಯೆಯನ್ನು ಕೊಟ್ಟು, ಕಲ್ಲು ನಿಂತಿರುವುದು ಎಲ್ಲಿ ಎಂಬುದನ್ನೂ ತಲೆಬರೆಹದಲ್ಲಿಯೇ ಸೂಚಿಸಿದರು. ಇದು ಚರಿತ್ರಕಾರನ ಬುದ್ಧಿಗಿಂತ ಹೆಚ್ಚಾಗಿ ದಫ್ತರವನ್ನು ಕಾಯುವವನ ಬುದ್ಧಿ. ಚರಿತ್ರಕಾರನ ಅಭಿಪ್ರಾಯವು ಇಪ್ಪತ್ತು ವರ್ಷಕ್ಕೆ ಹಳತಾಗುತ್ತದೆ; ಪಟ್ಟಿಯಲ್ಲಿ ಕೊಟ್ಟ ಸ್ಥಾನ ಹಳತಾಗುವುದಿಲ್ಲ. ರೈಸರ ಅನೇಕ ನಿರ್ಣಯಗಳು ಇಂದು ನಿಂತಿಲ್ಲ. ಅವರ ಸಂಖ್ಯೆಗಳು ನಿಂತಿವೆ.

ನಿಲ್ಲದ ನಿರ್ಣಯಗಳ ಮಾತನ್ನು ಮುಚ್ಚಿಡುವುದು ಬೇಡ. ಮುಂಬಯಿ ಸಿವಿಲ್ ಸರ್ವೀಸಿನ ಫ್ಲೀಟ್ ಮಹಾಶಯರು ರೈಸರಿಗೆ ಆಜೀವ ಪ್ರತಿವಾದಿಗಳಾಗಿದ್ದರು. ಗಂಗರ ತಾಮ್ರಶಾಸನಗಳಲ್ಲಿ ಬಹುಭಾಗ ಕೂಟಶಾಸನಗಳು, ಅವುಗಳ ಮೇಲೆ ಕಟ್ಟಿದ ಪ್ರಾಚೀನ ವಂಶಾವಳಿಯು ನಂಬತಕ್ಕದ್ದಲ್ಲ ಎಂದು ಫ್ಲೀಟರು ಘೋಷಿಸಿದರು. ರೈಸರು ಗಂಗರ ಪಕ್ಷವನ್ನು ಬಿಡಲಿಲ್ಲ. ಶ್ರವಣಬೆಳಗೊಳಕ್ಕೆ ಭದ್ರಬಾಹುವಿನೊಡನೆ ಬಂದವನು ಮೌರ್ಯ ಚಂದ್ರಗುಪ್ತನೇ ಎಂಬ ಐತಿಹ್ಯದ ವಿಷಯದಲ್ಲಿಯೂ ಇದೇ ಕದನ. ಇಂದಿನ ವಿದ್ವಾಂಸರು ಗಂಗರ ತಾಮ್ರಪಟಗಳಲ್ಲಿ ಕೆಲವನ್ನು ಶುದ್ಧವೆಂದೂ ಕೆಲವನ್ನು ಕೃತಕವೆಂದೂ ವಿಂಗಡಿಸುತ್ತಾರೆ. ನನಗೆ ತೋರುವ ಮಟ್ಟಿಗೆ ರೈಸರು ದಾಖಲೆಯನ್ನು ಸಾಕಷ್ಟು ಅನುಮಾನಿಸಲಿಲ್ಲ, ಫ್ಲೀಟರು ಅನುಮಾನಿಸುವುದನ್ನೇ ಪಾಂಡಿತ್ಯವೆಂದು ಬಗೆದರು. ಆದರೆ ಒಂದು ಸಂಗತಿಯಿದೆ: ತಮ್ಮ ಮತಕ್ಕೆ ಒಪ್ಪುವುದನ್ನೂ ಒಪ್ಪದುದನ್ನೂ ರೈಸರು ಒಂದೇ ಸಮನಾಗಿ ಅಚ್ಚು ಮಾಡಿಸಿದ್ದರು. ಫ್ಲೀಟರಿಗೆ ಬೇಕಾದ ಆಯುಧಗಳಲ್ಲಿ ಎಷ್ಟೋ ರೈಸರ ಉಗ್ರಾಣದಿಂದಲೇ ಬಂದುವು.

ಅವರಿಗೆ ದೊರೆತ ದೊಡ್ಡ ನಿಧಿಗಳನ್ನು ಎಲ್ಲರೂ ಬಲ್ಲರು. 1892ರಲ್ಲಿ ಮೊಳಕಾಲ್ಮೂರಿನ ಬಳಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಧರ್ಮಲಿಪಿಗಳು ಕಾಣಿಸಿಕೊಂಡುವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬರೆದ ಆ ಆಜ್ಞೆಯಲ್ಲಿ, ಲಿಪಿಕಾರನಾದ ಚಪಡನು ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಕದಂಬರ ಮೂಲವನ್ನು ತಿಳಿಸುವ ತಾಳಗುಂದದ ಕಂಬವನ್ನು ವಿದ್ವಲ್ಲೋಕದ ಗಮನಕ್ಕೆ ತಂದವರೂ ಅವರೇ. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಇನ್ನೊಂದು ಮಾಲೆಯಲ್ಲಿ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, ಭಟ್ಟಾಕಳಂಕನ ‘ಶಬ್ದಾನುಶಾಸನ’, ‘ಪಂಪಭಾರತ’, ಕೆ. ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ ಇವು ಅಚ್ಚಿನ ಮುಖವನ್ನು ಕಂಡುವು. ಪಂಪನು ಕನ್ನಡಿಗರಿಗೆ ಮುದ್ರಿತ ಪುಸ್ತಕವಾಗಿ ದೊರೆತುದು 1898ರಲ್ಲಿ ಎಂಬುದನ್ನು ನೆನೆದರೆ, ನಮ್ಮ ಇಂದಿನ ಸಾಹಿತ್ಯಾಭಿಮಾನದ ವಯಸ್ಸು ಎಷ್ಟೆಂಬುದು ತಿಳಿಯುತ್ತದೆ.

ಈಗ ನಮ್ಮ ಬಾಗಿಲಿಗೇ ಬರೋಣ. ಮಾಲೆಯ ಒಂಬತ್ತನೆಯ ಸಂಪುಟ, 1905ರಲ್ಲಿ ಪ್ರಕಟವಾದುದು, ಬೆಂಗಳೂರು ಜಿಲ್ಲೆಗೆ ಸಂಬಂಧಪಟ್ಟದ್ದು. ಇಂದು ಎಲೆಕ್ಟ್ರಾನಿಕ್ ಸಿಟಿ ಎಂದೂ ವೈಟ್‌ಫೀಲ್ಡ್ ಎಂದೂ ಪೀಣ್ಯ ಎಂದೂ ಹೆಸರಾಗಿ, ಯಂತ್ರಶಾಲೆಗಳಿಂದಲೂ ಗಣಕೋದ್ಯಮದ ಸೌಧಗಳಿಂದಲೂ ಕಿಕ್ಕಿರಿದಿರುವ ಸುತ್ತಿನ ಪ್ರದೇಶವು ರೈಸರ ಕಾಲಕ್ಕೆ ರಾಗಿಯ ಹೊಲ, ಕೆರೆ, ಗುಂಡುತೋಪುಗಳ ನಾಡಾಗಿತ್ತು. ಈ ಭಾಗಗಳಿಗೆ ಚರಿತ್ರೆಯೇ ಇಲ್ಲ, ಮೊನ್ನೆ ಹುಟ್ಟಿದ ಊರುಗಳು ಎಂದು ವಿದ್ಯಾವಂತರೇ ನುಡಿಯುವುದನ್ನು ಕೇಳಿದ್ದೇನೆ. ವೈಟ್‌ಫೀಲ್ಡೆಂಬ ಹೆಸರು 1882ರ ಈಚಿನದೆಂಬುದೇನೋ ನಿಜ; ಆಂಗ್ಲೋ-ಇಂಡಿಯನ್ ಸಮಾಜದ ವೈಟ್ ಎಂಬವರ ನೆನಪಿಗೆ ಬಂದುದು, ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಎದ್ದುದು. ಆದರೆ ಅದಕ್ಕೆ ಅಂಟಿಕೊಂಡಿರುವ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, ಕ್ರಿ. ಶ. 1043ರ ತಮಿಳು ಶಾಸನವಿದೆ. ರಾಜರಾಜ ವೇಳನೆಂಬ ಅಧಿಕಾರಿಯು ಪಟ್ಟಂದೂರಿನಲ್ಲಿ ಕೆರೆಯನ್ನು ಕಟ್ಟಿಸಿ, ತೂಬುಗಳನ್ನು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಿಸಿದನೆಂಬುದು ಅದರ ಸಾರ. ಆ ಪಟ್ಟಂದೂರೇ ಇಂದಿನ ಪಟ್ಟಂದೂರು ಅಗ್ರಹಾರ. ಇಂದು ಅಲ್ಲಿ ಗಾಜಿನ ಸೌಧಗಳಲ್ಲಿ ಕುಳಿತು ಕೆಲಸ ಮಾಡುವ ತರುಣರ ಪಾದಗಳ ಕೆಳಗಣ ನೆಲಕ್ಕೆ ಸುಮಾರು ಸಾವಿರ ವರ್ಷದ ನೀರಾವರಿಯ ಲೆಕ್ಕವಿದೆ.

ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಬೇಗೂರು. ಅಲ್ಲಿಂದ ಬಂದು ಈಗ ಕಬ್ಬನ್ ಪಾರ್ಕಿನ ವಸ್ತುಸಂಗ್ರಹಾಲಯದಲ್ಲಿರುವ ದೊಡ್ಡ ವೀರಗಲ್ಲನ್ನು ನೋಡದವರು ಒಮ್ಮೆ ನೋಡಬೇಕು. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಮುಗ್ಗರಿಸಿದ ರಣಭೂಮಿಯನ್ನೇ ಶಿಲ್ಪಿ ಅಲ್ಲಿ ಕಂಡರಿಸಿದ್ದಾನೆ. ಗಂಗ ಎರೆಯಪ್ಪನ ಕಾಲದ್ದು, ಅಂದರೆ ಕ್ರಿ. ಶ. 900ರ ಆಸುಪಾಸಿನದು. ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ನಡೆದ ಕಾಳಗದಲ್ಲಿ ನಾಗತ್ತರನು ಅಯ್ಯಪದೇವನ ಪರವಾಗಿ ಆನೆಗಳನ್ನೇ ಎದುರಿಸಿ ಸತ್ತನು. ಅದನ್ನು ಕೇಳಿ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರೇ ಬೇಗೂರು. ಕೊಟ್ಟ ಹಳ್ಳಿಗಳ ಹೆಸರುಗಳೂ ಕಲ್ಲಿನ ಮೇಲಿವೆ: ಇಗ್ಗಲೂರು, ನಲ್ಲೂರು, ಕೂಡಲೆ ಮೊದಲಾದುವು. ಇಗ್ಗಲೂರು ಇಂದಿಗೂ ಇಗ್ಗಲೂರೇ. ಕೂಡಲೆಯೆಂಬುದು ಇಂದು ಕೂಡ್ಲು ಎಂದು ಬಸ್ಸಿನ ಫಲಕದ ಮೇಲೆ ಓಡಾಡುವ ಊರೇ ಆಗಿರಬೇಕು. ಶತಮಾನಗಳ ನಡುವೆ ಅರಸರು ಹೋದರು, ಕೆರೆಗಳು ಹೂತುಹೋದುವು, ಹೆಸರು ಹೋಗಲಿಲ್ಲ.

ಇದೇ ಬೇಗೂರಿನಲ್ಲಿ ರೈಸರ ಕಥೆಗೆ ಒಂದು ವಿಚಿತ್ರವಾದ ತಿರುವು ಇದೆ. ಬೆಂಗಳೂರೆಂಬ ಹೆಸರು ಹೇಗೆ ಬಂದಿತೆಂಬುದಕ್ಕೆ ಎಲ್ಲರೂ ಹೇಳುವ ಕಥೆಯನ್ನು ರೈಸರೇ ತಮ್ಮ ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದರು: ವೀರಬಲ್ಲಾಳನು ಬೇಟೆಯಲ್ಲಿ ಪರಿವಾರದಿಂದ ಬೇರ್ಪಟ್ಟು, ಹಸಿದು, ಒಬ್ಬ ಮುದುಕಿಯ ಗುಡಿಸಿಲಿನಲ್ಲಿ ಬೆಂದ ಕಾಳನ್ನು ಉಂಡನೆಂಬ ಕಥೆ. ಗ್ಯಾಸೆಟಿಯರಿನಲ್ಲಿ ಅಚ್ಚಾದುದರಿಂದ ಅದಕ್ಕೆ ಒಂದು ಬಗೆಯ ಸರ್ಕಾರಿ ಮೊಹರು ಬಿದ್ದಂತಾಯಿತು. ರೈಸರು ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೆ, ಅವರ ಸ್ಥಾನಕ್ಕೆ ಬಂದ ನರಸಿಂಹಾಚಾರ್ಯರು ಬೇಗೂರಿನ ನಾಗೇಶ್ವರ ದೇವಾಲಯದ ಬಳಿ ಇನ್ನೊಂದು ಕಲ್ಲನ್ನು ಕಂಡು, 1914-15ರ ವರದಿಯಲ್ಲಿ ಪ್ರಕಟಿಸಿದರು. ನಾಗತ್ತರನ ಕಡೆಯವನೊಬ್ಬನು ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಆ ಕಲ್ಲು ಹೇಳುತ್ತದೆ. ಕಾಲ ಸುಮಾರು ಕ್ರಿ. ಶ. 900. ಕಥೆಯ ಬಲ್ಲಾಳನು ಇಮ್ಮಡಿಯವನೇ ಆಗಲಿ ಮುಮ್ಮಡಿಯವನೇ ಆಗಲಿ, ಅವನು ಪಟ್ಟಕ್ಕೆ ಬರುವುದಕ್ಕೆ ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಬೆಂಗಳೂರೆಂಬ ಊರು ಇದ್ದಿತು, ಅದಕ್ಕಾಗಿ ಜನ ಪ್ರಾಣ ಬಿಟ್ಟಿದ್ದರು. ಬೆಂದ ಕಾಳಿನ ಕಥೆ ಅಲ್ಲಿಗೆ ಮುಗಿಯಿತು. ಗುರು ಬರೆದ ಕಥೆಯನ್ನು ಶಿಷ್ಯನು ಗುರು ಕಲಿಸಿದ ವಿಧಾನದಿಂದಲೇ ಅಳಿಸಿದನು. ಆದರೂ ಮಕ್ಕಳ ಪುಸ್ತಕಗಳಲ್ಲಿ ಆ ಮುದುಕಿ ಇನ್ನೂ ಕಾಳು ಬೇಯಿಸುತ್ತಲೇ ಇದ್ದಾಳೆ!

ರೈಸರು ಪೂರ್ಣವಾಗಿ ನೋಡಿ ಮುಗಿಸಿದರೆಂದು ಯಾರೂ ಭಾವಿಸಬಾರದು. 2018ರಲ್ಲಿ ಹೆಬ್ಬಾಳದಲ್ಲಿ ಕಾಮಗಾರಿಯ ಅಗೆತದಲ್ಲಿ ಒಂದು ವೀರಗಲ್ಲು ಹೊರಬಿದ್ದಿತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು, ಕಿತ್ತಯ್ಯನೆಂಬ ವೀರನ ಹೆಸರನ್ನು ಹೊತ್ತದ್ದು. ಬೆಂಗಳೂರಿನ ಸೀಮೆಯೊಳಗೆ ತಿಳಿದಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರುವ ಈ ಕಲ್ಲು ರೈಸರ ಸಂಪುಟದಲ್ಲಿ ಇಲ್ಲ. ಇದಕ್ಕೆ ವಿರುದ್ಧವಾದ ಸ್ಥಿತಿಯೇ ಹೆಚ್ಚು: ಸಂಪುಟದಲ್ಲಿ ಇದೆ, ನೆಲದ ಮೇಲೆ ಇಲ್ಲ. ರೈಸರ ತಲೆಬರೆಹವನ್ನು ಹಿಡಿದು, ಇಂಥ ಊರಿನ ಕೆರೆಯ ಏರಿ, ಇಂಥ ಹೊಲ ಎಂದು ಹುಡುಕುತ್ತ ಹೋದರೆ ಅಲ್ಲಿ ರಸ್ತೆಯಿದೆ, ಬಡಾವಣೆಯಿದೆ, ಕಾರ್ಖಾನೆಯ ಗೋಡೆಯಿದೆ. ಕಲ್ಲು ಚರಂಡಿಗೆ ಹಾಸಾಯಿತೋ ತಳಪಾಯಕ್ಕೆ ಸೇರಿತೋ ಹೇಳಬಲ್ಲವರಿಲ್ಲ. ಅಂತಹ ಕಡೆ ಆ ಊರಿನ ಸಾಕ್ಷಿಯಾಗಿ ಉಳಿದಿರುವುದು 1905ರ ಅಚ್ಚಿನ ನಾಲ್ಕು ಸಾಲು. ಉಳಿದ ಕಲ್ಲುಗಳನ್ನು ಯಂತ್ರದ ಕಣ್ಣಿನಿಂದ ಮೂರು ಆಯಾಮಗಳಲ್ಲಿಯೂ ಅಳೆದು ದಾಖಲಿಸುವ ಕೆಲಸವನ್ನು ನಗರದ ಮಿಥಿಕ್ ಸೊಸೈಟಿಯು ಈಚೆಗೆ ಕೈಗೊಂಡಿದೆ. ಅದಕ್ಕೂ ಮೊದಲ ದಾರಿದೀಪ ರೈಸರ ಆ ಹಳೆಯ ಕ್ರಮಸಂಖ್ಯೆಗಳೇ.

ನಿವೃತ್ತಿಯ ಅನಂತರ ರೈಸರು ಸುಮ್ಮನೆ ಕೂಡಲಿಲ್ಲ. ಹನ್ನೆರಡು ಸಂಪುಟಗಳ ಸಾರವನ್ನು ಹಿಂಡಿ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್‌ಷನ್ಸ್’ ಎಂಬ ಗ್ರಂಥವನ್ನು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಚರಿತ್ರೆಯ ಗ್ರಂಥವಾಗಿ ಅದನ್ನು ಇಂದು ಎಚ್ಚರದಿಂದ ಓದಬೇಕು. ಅದರಲ್ಲಿ ಆಡಳಿತ, ತೆರಿಗೆ, ಧರ್ಮ, ಜನರ ನಡೆವಳಿಕೆಗಳನ್ನು ಕುರಿತ ಭಾಗಗಳು ಮಾತ್ರ ಇನ್ನೂ ತಾಜಾ ಆಗಿವೆ. 1927ರಲ್ಲಿ, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಅವರು ಲಂಡನ್ನಿನ ಬಳಿಯ ಹ್ಯಾರೋ ಎಂಬಲ್ಲಿ ತೀರಿಕೊಂಡರು. ಆ ವೇಳೆಗೆ ಶ್ರವಣಬೆಳಗೊಳದ ಸಂಪುಟವನ್ನು ನರಸಿಂಹಾಚಾರ್ಯರು ಪರಿಷ್ಕರಿಸಿ, ಬಹುವಾಗಿ ಹಿಗ್ಗಿಸಿ, 1923ರಲ್ಲಿ ಹೊರತಂದಿದ್ದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಇಡೀ ಮಾಲೆಯ ಪರಿಷ್ಕರಣವನ್ನು ಕೈಗೊಂಡಿತು. ಅದರ ಮೊದಲ ಸಂಪುಟವೂ ರೈಸರದರಂತೆಯೇ ಕೊಡಗಿನದು.

ಒಂಬತ್ತನೆಯ ಸಂಪುಟವು ನಗರದ ಹಳೆಯ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಜಾಲಹಳ್ಳಿಯಲ್ಲಿಯೋ ಕೂಡ್ಲುವಿನಲ್ಲಿಯೋ ಕಾಡುಗೋಡಿಯಲ್ಲಿಯೋ ಮನೆ ಮಾಡಿಕೊಂಡಿರುವ ಶ್ರೋತೃಗಳು ತಾಲ್ಲೂಕಿನ ಪುಟವನ್ನು ತೆರೆದು, ತಮ್ಮ ಊರಿನ ಹೆಸರು ಬರುವವರೆಗೆ ಬೆರಳನ್ನು ಕೆಳಗಿಳಿಸುತ್ತ ಹೋಗಬಹುದು. ಹೆಸರಿನ ಮುಂದೆಯೇ ಕಲ್ಲು ಯಾವ ಗುಡಿಯ, ಯಾವ ದಿಕ್ಕಿನಲ್ಲಿತ್ತೆಂದು ಬರೆದಿದೆ.